ಬೆಳ್ಳಿಗೆ ಕಾಣದ ಹಸಿರು

ವಿಮರ್ಶಕ, ಚಿತ್ರಕಾರ ಜಾನ್ ರಸ್ಕಿನ್ 1871ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಚಿತ್ರಕಲಾ ಶಾಲೆ ಶುರು ಮಾಡಿದರು. ವಿದ್ಯಾರ್ಥಿಗಳು ನೋಡಿ ಕಲಿಯಲಿ ಎಂದು ಅವರು ಕೂಡಿಸಿದ ಸಂಗ್ರಹ ಈಗ ಅಲ್ಲಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ರೇಖಾಚಿತ್ರ, ಜಲವರ್ಣಗಳ ನಡುವೆ ಫೋಟೋಗಳೂ ಇವೆ. ಕೈಯಿಂದ ಬಣ್ಣ ಹಚ್ಚಿದ ನಿಸರ್ಗದ ಫೋಟೋ ಕೂಡ. ಅದನ್ನು ಬರೀ ಅಲಂಕಾರ ಅಂದುಕೊಂಡರೆ ಒಳ್ಳೆಯ ವಿಜ್ಞಾನದ ಕಥೆಯೊಂದು ಕೈತಪ್ಪಿ ಹೋಗುತ್ತದೆ.

ಆಗಿನ ಗಾಜಿನ ನೆಗೆಟಿವ್‌ನಲ್ಲಿ ಬೆಳಕಿಗೆ ಸ್ಪಂದಿಸುತ್ತಿದ್ದದ್ದು ಬೆಳ್ಳಿಯ ಲವಣ. ಅದನ್ನು ಬದಲಿಸುವಷ್ಟು ಶಕ್ತಿ ಇದ್ದದ್ದು ನೀಲಿ, ನೇರಳೆ ಮತ್ತು ನೇರಳಾತೀತ ಕಿರಣಗಳಿಗೆ ಮಾತ್ರ. ಹಸಿರು, ಕೆಂಪು ಬೆಳಕು ಬಿದ್ದರೂ ಅದು ಹೆಚ್ಚುಕಡಿಮೆ ಸುಮ್ಮನಿರುತ್ತಿತ್ತು. ಹಾಗಾಗಿ ಮುದ್ರಿಸಿದ ಫೋಟೋದಲ್ಲಿ ನೀಲಿ ಆಕಾಶ ಮೋಡಗಳ ಸಮೇತ ಬೆಳ್ಳಗಾಗುತ್ತಿತ್ತು, ಎಲೆಗಳು ಕಪ್ಪಾಗುತ್ತಿದ್ದವು. ಫ್ರಾನ್ಸಿನ ಫೋಟೋಗ್ರಾಫರ್ ಗುಸ್ಟಾವ್ ಲ ಗ್ರೇ 1850ರ ದಶಕದಲ್ಲಿ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ, ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದರು. ಎಂಥ ಚಂದದ ಉಪಾಯ, ಅಲ್ವಾ?

ಬಣ್ಣ ಹಚ್ಚುವವರಿಗೆ ಆಕಾಶ ಸುಲಭ. ಖಾಲಿ ಜಾಗ, ತೆಳು ನೀಲಿ ಎಳೆದರೆ ಸಾಕು. ಕಷ್ಟ ಇರುವುದು ಮರಗಳಲ್ಲಿ. ಜಲವರ್ಣ ಪಾರದರ್ಶಕ, ಅದರ ಕೆಳಗಿನ ಛಾಯೆಯೇ ಬೆಳಕು–ನೆರಳನ್ನು ತೋರಿಸಬೇಕು. ಆದರೆ ಕಪ್ಪಾದ ಎಲೆಯ ಮೇಲೆ ತೆಳು ಹಸಿರು ಎಳೆದರೆ ಕಾಣುವುದೇ ಇಲ್ಲ. ಬಿಳಿ ಬೆರೆಸಿ ಗಟ್ಟಿ ಬಣ್ಣ ಹಾಕಿದರೆ ಎಲೆ ಎದ್ದು ಕಾಣುತ್ತದೆ, ಫೋಟೋ ಹಿಡಿದಿದ್ದ ಸೂಕ್ಷ್ಮ ವಿವರ ಮುಚ್ಚಿಹೋಗುತ್ತದೆ. ನನಗಂತೂ ಇಂಥ ಫೋಟೋದಲ್ಲಿ ಮೊದಲು ನೋಡಬೇಕಾದದ್ದು ಮರದ ನೆರಳಿನ ಭಾಗ ಅನ್ನಿಸುತ್ತದೆ. ಹಚ್ಚಿದವರ ಕೈಚಳಕ ಗೊತ್ತಾಗುವುದು ಅಲ್ಲೇ.

ಕಾಗದವೂ ಸಹಕರಿಸುತ್ತಿರಲಿಲ್ಲ. 1850ರಲ್ಲಿ ಬಂದ ಅಲ್ಬ್ಯುಮೆನ್ ಕಾಗದಕ್ಕೆ ಮೊಟ್ಟೆಯ ಬಿಳಿ ಲೋಳೆಯ ಲೇಪ. ಆ ನುಣುಪಿನ ಮೇಲೆ ನೀರಿನ ಬಣ್ಣ ಹನಿಹನಿಯಾಗಿ ಜಾರುತ್ತಿತ್ತು. ಹಾಗಾಗಿ ಬಣ್ಣಕ್ಕೆ ಎತ್ತಿನ ಪಿತ್ತರಸ ಬೆರೆಸುತ್ತಿದ್ದರು. ಅದರಲ್ಲಿರುವ ಲವಣಗಳು ಸೋಪಿನಂತೆ ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುತ್ತವೆ. ಬಣ್ಣ ಆಗ ಸಮನಾಗಿ ಹರಡುತ್ತದೆ.

1873ರಲ್ಲಿ ಬರ್ಲಿನ್‌ನ ರಸಾಯನಶಾಸ್ತ್ರಜ್ಞ ಹರ್ಮನ್ ಫೋಗೆಲ್, ನೆಗೆಟಿವ್ ಫಲಕಕ್ಕೆ ಕೆಲವು ಬಣ್ಣದ ರಾಸಾಯನಿಕ ಸೇರಿಸಿದರೆ ಅದು ಹಸಿರಿಗೂ ಸ್ಪಂದಿಸುತ್ತದೆ ಎಂದು ಕಂಡುಕೊಂಡರು. ಮುಂದೆ ಮರಗಳು ಫೋಟೋದಲ್ಲಿ ಮರದಂತೆ ಕಾಣತೊಡಗಿದ್ದು ಆ ದಾರಿಯಿಂದಲೇ.

ಇಂದು ನಾವು ನೋಡುವ ಬಣ್ಣ ಅಂದು ಹಚ್ಚಿದ್ದೇ ಇರಬೇಕು ಅಂತಿಲ್ಲ. ಮೊಟ್ಟೆಯ ಲೇಪ ಹಳದಿಗೆ ತಿರುಗಿರುತ್ತದೆ, ಬಿಳಿ ಮೋಡ ಕೆನೆಬಣ್ಣಕ್ಕಿಳಿದಿರುತ್ತದೆ. ಹಸಿರನ್ನು ನೀಲಿ ಮತ್ತು ಸಸ್ಯಮೂಲದ ಹಳದಿ ಬೆರೆಸಿ ಮಾಡಿದ್ದರೆ, ಬೆಳಕಿಗೆ ಹಳದಿ ಮೊದಲು ಮಾಸಿ ಎಲೆ ನೀಲಿಯಾಗಬಹುದು. ಅದಕ್ಕೇ ಮ್ಯೂಸಿಯಂಗಳು ಇಂಥವನ್ನು ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕನ್ನು ಅಳೆಯುವ ಮಾನ) ಮಂದ ಬೆಳಕಿನಲ್ಲಿ, ಅದೂ ಸ್ವಲ್ಪ ಕಾಲ ಮಾತ್ರ ಪ್ರದರ್ಶಿಸುತ್ತವೆ.