ಶಿಕ್ಷಣಕ್ಕೆ 45 ಸಾವಿರ ಕೋಟಿ ಇದ್ದರೂ ನಮ್ಮ ಶಾಲೆಯ ಮಾಡು ಸೋರುವುದೇಕೆ?

ಪ್ರಶ್ನೆ: ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 48 ಮಕ್ಕಳು, ಎರಡು ಕೊಠಡಿ. ಒಂದು ಪ್ರತಿ ಮಳೆಗಾಲ ಸೋರುತ್ತದೆ. ‘ಹೊಸ ಕೊಠಡಿ ಬೇಕು’ ಎಂದು ಮೂರು ವರ್ಷದಿಂದ ಅರ್ಜಿ ಕೊಟ್ಟರೂ ‘ಅನುದಾನ ಇಲ್ಲ’ ಎನ್ನುತ್ತಾರೆ. ಬಜೆಟ್ಟಿನ ಅಷ್ಟೊಂದು ಹಣ ಎಲ್ಲಿ ಹೋಗುತ್ತದೆ?

ಉತ್ತರ: 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಶಿಕ್ಷಣದ ಪಾಲು 45,286 ಕೋಟಿ, ಅಂದರೆ ನೂರಕ್ಕೆ ಸುಮಾರು 11. ಕಾಲೇಜು, ವಿಶ್ವವಿದ್ಯಾಲಯಗಳೂ ಇದರೊಳಗೇ ಬಂದವು. ಸಿಂಹಪಾಲು ಹೋಗುವುದು ಸಂಬಳಕ್ಕೆ. ಅದಕ್ಕೆ ಕತ್ತರಿ ಹಾಕುವಂತಿಲ್ಲ, ಹಾಕಲೂಬಾರದು. ಮೇಷ್ಟ್ರಿಲ್ಲದ ಮೇಲೆ ಕೊಠಡಿ ಕಟ್ಟಿ ಏನು ಪ್ರಯೋಜನ? ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಜಗ್ಗಾಟವೆಲ್ಲ ಮಿಕ್ಕ ಹಣಕ್ಕೆ.

ಆ ಜಗ್ಗಾಟದಲ್ಲಿ ನಿಮ್ಮ ಅರ್ಜಿ ಸೋಲುವುದು ‘ಹೊಸ ಕೊಠಡಿ’ ಎಂಬ ಎರಡು ಪದಗಳಿಂದ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, ಒಬ್ಬ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ. 48 ಮಕ್ಕಳ ಶಾಲೆಗೆ ಲೆಕ್ಕದ ಪ್ರಕಾರ ಎರಡು ಕೊಠಡಿ ಸಾಕು, ಎರಡೂ ಇವೆ. ಕಡತದ ಮಟ್ಟಿಗೆ ನಿಮಗೆ ಕೊರತೆಯೇ ಇಲ್ಲ! ಸೋರುವ ಕೊಠಡಿಯೂ ಕೊಠಡಿಯೇ.

ಅದು ಸೋರುತ್ತದೆಂದು ಮೇಲಿನವರಿಗೆ ಗೊತ್ತಾಗುವುದು ಯುಡೈಸ್ ದತ್ತಾಂಶದಿಂದ, ಅಂದರೆ ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ತುಂಬುವ ಮಾಹಿತಿಯಿಂದ. ಸೆಪ್ಟೆಂಬರ್ 30ಕ್ಕೆ ಶಾಲೆ ಇದ್ದ ಸ್ಥಿತಿಯನ್ನು ಅದರಲ್ಲಿ ತುಂಬಬೇಕು. ಅಲ್ಲಿ ಕೊಠಡಿಗಳನ್ನು ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಎಂದು ಬೇರೆಬೇರೆಯಾಗಿ ನಮೂದಿಸುತ್ತಾರೆ. ಅವಸರದಲ್ಲಿ ಹೋದ ವರ್ಷದ್ದನ್ನೇ ನಕಲು ಮಾಡಿ ‘ಸುಸ್ಥಿತಿ’ ಎಂದು ತುಂಬಿದರೆ ನಿಮ್ಮ ಅರ್ಜಿಯನ್ನು ನಿಮ್ಮದೇ ಶಾಲೆಯ ದಾಖಲೆ ಸುಳ್ಳು ಮಾಡುತ್ತದೆ. ಮೊದಲು ಮುಖ್ಯಶಿಕ್ಷಕರ ಹತ್ತಿರ ಕೂತು ಆ ಒಂದು ಕಾಲಂ ನೋಡಿ.

ಇನ್ನು ಲೆಕ್ಕ ಶೀರ್ಷಿಕೆ, ಅಂದರೆ ಸರ್ಕಾರಿ ಲೆಕ್ಕದಲ್ಲಿ ಒಂದೊಂದು ಬಗೆಯ ಖರ್ಚಿಗೂ ಇರುವ ಸಂಖ್ಯೆ. ಸಂಬಳ, ದುರಸ್ತಿಯಂಥ ಸಾಮಾನ್ಯ ಶಿಕ್ಷಣದ ರಾಜಸ್ವ ವೆಚ್ಚ 2202ರಲ್ಲಿ, ಹೊಸ ಕಟ್ಟಡದಂಥ ಬಂಡವಾಳ ವೆಚ್ಚ 4202ರಲ್ಲಿ. ದುರಸ್ತಿ ಬೇರೆ, ನಿರ್ಮಾಣ ಬೇರೆ. ಒಂದರ ಹಣದಲ್ಲಿ ಇನ್ನೊಂದನ್ನು ಮಾಡುವಂತಿಲ್ಲ. ಆದ್ದರಿಂದ ಅರ್ಜಿಯಲ್ಲಿ ‘ದುರಸ್ತಿ’ ಎಂದೇ ಬರೆಯಿರಿ. ಗೋಡೆಯೇ ಬಿರಿದಿದ್ದರೆ ಮಾತು ಬೇರೆ: ಎಂಜಿನಿಯರ್ ಶಿಥಿಲವೆಂದು ಲಿಖಿತವಾಗಿ ಕೊಡಬೇಕು, ಕೆಡವಲು ಅನುಮತಿ ಬೇಕು, ಕೊಠಡಿ ಲೆಕ್ಕದಿಂದ ಹೊರಬೀಳಬೇಕು. ಹೊಸದು ಕೇಳುವುದು ಆಮೇಲೆ.

ಕೇಂದ್ರ–ರಾಜ್ಯಗಳ ‘ಸಮಗ್ರ ಶಿಕ್ಷಣ’ ಯೋಜನೆಯ ಶಾಲಾ ಅನುದಾನದಿಂದ ರಿಪೇರಿ ಆಗದೇ ಎಂದು ಹಲವರು ಕೇಳುತ್ತಾರೆ. 31ರಿಂದ 100 ಮಕ್ಕಳಿರುವ ಶಾಲೆಗೆ ಮಾನದಂಡದಂತೆ ವರ್ಷಕ್ಕೆ 25,000 ರೂಪಾಯಿ (30ರೊಳಗಿದ್ದರೆ 10,000 ಮಾತ್ರ). ಕನಿಷ್ಠ ಶೇ 10, ಅಂದರೆ 2,500 ಸ್ವಚ್ಛತೆಗೇ ಮೀಸಲು. ಉಳಿದ 22,500ರಲ್ಲಿ ಚಾಕ್‌ಪೀಸು, ರಿಜಿಸ್ಟರು, ಮುರಿದ ನಲ್ಲಿ ಎಲ್ಲವೂ. ಒಡೆದ ಹಂಚು ಬದಲಿಸಬಹುದು, ಮಾಡಿನ ಮರ ಬದಲಿಸಲಾಗದು.

ಹಾಗಾಗಿ ದಾರಿ ಇದು. ಮಳೆ ಇರುವಾಗಲೇ ದಿನಾಂಕ ಕಾಣುವ ಫೋಟೊ ತೆಗೆಯಿರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಅಳತೆ ಸಮೇತ ಬರೆಸಿ: ಹಂಚಿನ ಮಾಡಾದರೆ ಎಷ್ಟು ಹಂಚು, ಹಂಚಿನಡಿಯ ಮರದಲ್ಲಿ ಎಷ್ಟು ಪಕಾಸಿ, ಎಷ್ಟು ರೀಪು, ತಾರಸಿಯಾದರೆ ಎಷ್ಟು ಚದರ ಮೀಟರ್. ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದಿಂದ ಅಂದಾಜು ಪಟ್ಟಿ ಮಾಡಿಸಿ. ಇದನ್ನೆಲ್ಲ ಶಾಲಾ ಅಭಿವೃದ್ಧಿ ಯೋಜನೆಗೆ ಸೇರಿಸಿ ಡಿಸೆಂಬರ್ ಒಳಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸರ್ಕಾರದ ಅನುದಾನಕ್ಕೆ ಈ ಯೋಜನೆಯೇ ಆಧಾರವಾಗಬೇಕೆಂದು ಆರ್‌ಟಿಇ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಅರ್ಜಿಯಲ್ಲಿ ಆ ಸೆಕ್ಷನ್ ನಮೂದಿಸಿ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ ಮಂಡನೆಯಾಗುತ್ತದೆ. ಇಲಾಖೆಯ ಬೇಡಿಕೆ ಪಟ್ಟಿ ಅದಕ್ಕೆ ತಿಂಗಳುಗಳ ಮೊದಲೇ ಸಿದ್ಧ. ಮಾರ್ಚ್‌ನಲ್ಲಿ ಕೊಟ್ಟ ಅರ್ಜಿ ಒಂದಿಡೀ ವರ್ಷ ಕಾಯುತ್ತದೆ.

ಒಂದೇ ಪ್ರತಿಯನ್ನು ಶಾಸಕರ ಪ್ರದೇಶಾಭಿವೃದ್ಧಿ ನಿಧಿಗೂ ಜಿಲ್ಲಾ ಪಂಚಾಯಿತಿಗೂ ಕೊಡಬಹುದು. ಎರಡು ಕಡೆಯಿಂದಲೂ ಮಂಜೂರಾದರೆ ಒಂದನ್ನು ಲಿಖಿತವಾಗಿ ಬಿಟ್ಟುಕೊಡಿ. ಒಂದೇ ಮಾಡಿಗೆ ಎರಡು ಬಿಲ್ಲು ಕಂಡರೆ ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯಬೇಕಾಗುವುದು ಮುಖ್ಯಶಿಕ್ಷಕರು.