ಕಣ್ಣೊಳಗೆ ಪ್ಲಾಸ್ಟಿಕ್ ಇಟ್ಟರೆ ಮುಂದೆ ತ್ರಾಸ ಆಗಂಗಿಲ್ಲೇನು?

ಪ್ರಶ್ನೆ: ನಮ್ಮ ಅವ್ವಗ ಎರಡೂ ಕಣ್ಣಿಗಿ ಪೊರಿ ಬಂದದ. ಕಲಬುರಗಿಗಿ ಕರ್ಕೊಂಡು ಹೋಗಿ ತೋರಿಸೀವಿ. ಆಪರೇಷನ್ ಮಾಡಿ ಒಳಗ ಪ್ಲಾಸ್ಟಿಕ್ ಲೆನ್ಸ್ ಕೂಡಸ್ತೀವಿ ಅಂದಾರ. ಹೊಲದಾಗ ಬಿದ್ದ ಪ್ಲಾಸ್ಟಿಕ್ಕೇ ಕೊಳಿಯಂಗಿಲ್ಲ, ಕಣ್ಣಾಗ ಇಟ್ರ ಮುಂದ ತ್ರಾಸ ಆಗಂಗಿಲ್ಲೇನ್ರೀ? ಒಂದಿಷ್ಟು ವರ್ಷಕ್ಕ ತೆಗಸಬೇಕಾಗ್ತದೇನು?
– ಆಳಂದ ತಾಲ್ಲೂಕಿನ ಓದುಗರು

ಉತ್ತರ: ತೆಗೆಸಬೇಕಾಗಿಲ್ಲ. ಒಮ್ಮೆ ಕೂಡಿಸಿದ ಲೆನ್ಸ್ ಜೀವಮಾನವಿಡೀ ಇರಲೆಂದೇ ಮಾಡಿದ್ದು; ಅದನ್ನು ಬದಲಿಸಬೇಕಾಗಿ ಬರುವುದು ತೀರಾ ಅಪರೂಪ. ಹೊಲದಲ್ಲಿ ಕೊಳೆಯದೆ ಕಾಡುವ ಗುಣವೇ ಕಣ್ಣೊಳಗೆ ಕೆಲಸಕ್ಕೆ ಬರುತ್ತದೆ. ನೀರು, ಉಪ್ಪು, ಮೈಶಾಖದ ನಡುವೆ ದಶಕಗಟ್ಟಲೆ ಕರಗದೆ, ಸುತ್ತಲಿನ ಭಾಗವನ್ನು ಕೆಣಕದೆ ಇರುವ ವಸ್ತು ಅಲ್ಲಿಗೆ ಬೇಕು.

ಇದು ಗೊತ್ತಾದದ್ದು ಯುದ್ಧದ ಗಾಯಗಳಿಂದ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳು ಕೂರುವ ಜಾಗದ ಮೇಲಿನ ಪಾರದರ್ಶಕ ಮುಚ್ಚಳ ಒಡೆದು ಚೂರುಗಳು ಕಣ್ಣಿಗೆ ಹೊಕ್ಕುತ್ತಿದ್ದವು. ಆ ಮುಚ್ಚಳ ಪರ್ಸ್ಪೆಕ್ಸ್ ಎಂಬ ಅಕ್ರಿಲಿಕ್ ಪ್ಲಾಸ್ಟಿಕ್ಕಿನದು. ಚೂರು ಒಳಗೇ ಉಳಿದರೂ ಕಣ್ಣು ಊದುತ್ತಿರಲಿಲ್ಲ ಎಂಬುದನ್ನು ಗಮನಿಸಿದ ವೈದ್ಯ ಹೆರಾಲ್ಡ್ ರಿಡ್ಲಿ, 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಲೆನ್ಸನ್ನು ರೋಗಿಯ ಕಣ್ಣಿಗೆ ಕೂಡಿಸಿದರು. ದೊಡ್ಡ ವೈದ್ಯರೇ ಬಹಳ ವರ್ಷ ಇದನ್ನು ವಿರೋಧಿಸಿದರು. ಅಂದರೆ ನಿಮ್ಮ ಅಂಜಿಕೆ ಅವರಿಗೂ ಇತ್ತು. ಮುಪ್ಪಿನಲ್ಲಿ ರಿಡ್ಲಿಯವರ ಕಣ್ಣಿಗೂ ಪೊರೆ ಬಂತು, ಅವರೂ ಲೆನ್ಸ್ ಹಾಕಿಸಿಕೊಂಡರು. ಮಧುರೈನ ಅರೋಲ್ಯಾಬ್ 1992ರಿಂದ ನಮ್ಮಲ್ಲೇ ಲೆನ್ಸ್ ಮಾಡತೊಡಗಿದ ಮೇಲೆ ಬೆಲೆ ಬಹಳ ಇಳಿದು, ಬಡವರ ಕಣ್ಣಿಗೂ ಅದು ಸಿಕ್ಕಿತು. ಈ ಕೆಲಸಕ್ಕೆ ನಾವು ಋಣಿಗಳಾಗಿರಬೇಕು.

ಲೆನ್ಸಿನ ಮುಖ್ಯ ಭಾಗ ಸುಮಾರು 6 ಮಿಲಿಮೀಟರ್ ಅಗಲ. ಗಟ್ಟಿ ಲೆನ್ಸಿಗೆ ಅದು ಹಿಡಿಸುವಷ್ಟು ಕೊಯ್ತ ಬೇಕು. ಮಡಚುವ ಲೆನ್ಸಾದರೆ 2-3 ಮಿಲಿಮೀಟರ್ ಸಾಕು, ಹಾಗಾಗಿ ಗಾಯ ಬೇಗ ಮಾಯುತ್ತದೆ. ಹಾಗೆಂದು ಶಿಬಿರದಲ್ಲಿ ಹಾಕುವ ಗಟ್ಟಿ ಲೆನ್ಸ್ ಕಳಪೆಯಲ್ಲ. ಅದಕ್ಕೇ ಹೆಚ್ಚು ವರ್ಷಗಳ ಅನುಭವದ ಬೆಂಬಲವಿದೆ.

ಪ್ಲಾಸ್ಟಿಕ್ ಸೇರುವುದು ಪಾಲಿಮರ್ ಎಂಬ ವಸ್ತುಗಳ ಗುಂಪಿಗೆ; ಕರಗದಿರುವುದು ಎಲ್ಲ ಪಾಲಿಮರ್‌ಗಳ ಗುಣವೇನಲ್ಲ. ಹೊಟ್ಟೆ ಆಪರೇಷನ್ನಿನಲ್ಲಿ ಒಳಗೆ ಹಾಕುವ ಪಾಲಿಗ್ಲೈಕಾಲಿಕ್ ಆಮ್ಲದ ಹೊಲಿಗೆ ದಾರ ಮೈಯೊಳಗಿನ ನೀರಿಗೇ ಒಡೆದು ಎರಡು-ಮೂರು ತಿಂಗಳಲ್ಲಿ ಮಾಯವಾಗುತ್ತದೆ. ಸಿರಿಂಜ್ ಮಾಡುವ ಪಾಲಿಪ್ರೊಪಿಲೀನ್‌ನಿಂದಲೇ ಹರ್ನಿಯಾಕ್ಕೆ ಹಾಕುವ ಜಾಳಿಗೆಯೂ ಆಗುತ್ತದೆ, ಅದು ಕರಗುವುದಿಲ್ಲ. ಡಯಾಲಿಸಿಸ್‌ನಲ್ಲಿ ರಕ್ತ ಸೋಸುವ ಕೂದಲೆಳೆಯಂಥ ಕೊಳವೆಗಳೂ ಪಾಲಿಮರ್‌ನವೇ. ಎಲ್ಲ ಕಡೆ ಇಷ್ಟು ನಿರಾಳವೆಂದು ಮಾತ್ರ ಹೇಳಲಾರೆ. ಕೃತಕ ಮೊಣಕಾಲಿನ ಪಾಲಿಥೀನ್ ಭಾಗ ನಡೆದಂತೆ ಸವೆಯುತ್ತದೆ, ಆ ಪುಡಿ ಕೆಲವರಿಗೆ ಎಲುಬನ್ನೂ ಸಡಿಲಿಸುತ್ತದೆ. ಕಣ್ಣಿನ ಲೆನ್ಸಿಗೆ ಅಂಥ ತಿಕ್ಕಾಟವಿಲ್ಲ.

‘ಆಪರೇಷನ್ ಆದ್ಮ್ಯಾಲ ಮತ್ತ ಪೊರಿ ಬಂತು’ ಎನ್ನುವವರು ನಿಮ್ಮೂರಲ್ಲೂ ಇರಬಹುದು. ಅಲ್ಲಿ ಮಬ್ಬಾಗಿರುವುದು ಲೆನ್ಸಲ್ಲ, ಅದರ ಹಿಂದಿರುವ ನಮ್ಮದೇ ಕಣ್ಣಿನ ತೆಳು ಪದರ. ಯಾಗ್ ಎಂಬ ಬಗೆಯ ಲೇಸರ್ ಬೆಳಕಿನಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ಸರಿಪಡಿಸುತ್ತಾರೆ.

ತೊಗರಿ ರಾಶಿ ಮುಗಿಯಲೆಂದು ವರ್ಷದಿಂದ ವರ್ಷಕ್ಕೆ ಮುಂದೂಡಬೇಡಿ. ಪೊರೆ ಪೂರ್ತಿ ಬಲಿತರೆ ಆಪರೇಷನ್ ಕಠಿಣವಾಗುತ್ತದೆ, ಕೆಲವರಿಗೆ ಕಣ್ಣೊಳಗಿನ ಒತ್ತಡವೂ ಏರುತ್ತದೆ. ಲೆನ್ಸಿನ ಡಬ್ಬಿಯೊಡನೆ ಪವರ್, ಸರಣಿ ಸಂಖ್ಯೆ ಇರುವ ಸ್ಟಿಕ್ಕರ್ ಬರುತ್ತದೆ. ಅದನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿ ಕೊಡಲು ಕೇಳಿ, ಜೋಪಾನ ಮಾಡಿ. ಆಮೇಲೆ ಅವ್ವನನ್ನು ರಾಶಿಯ ಧೂಳಿಗೆ, ಒಲೆಯ ಹೊಗೆಗೆ ವೈದ್ಯರು ಹೇಳುವವರೆಗೆ ಬಿಡಬೇಡಿ. ಕಣ್ಣು ಕೆಂಪಾಗಿ ನೋವು ಹೆಚ್ಚಿದರೆ ಅಥವಾ ನೋಟ ಕುಗ್ಗಿದರೆ ಅದು ಸೋಂಕಿರಬಹುದು. ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.