ತ್ರಿಮೂರ್ತಿಗಳ ನಡುವೆ ನಿಂತವರು ಯಾರು?

ಬ್ರಹ್ಮ ಸೃಷ್ಟಿಗೆ, ವಿಷ್ಣು ಸ್ಥಿತಿಗೆ, ಶಿವ ಲಯಕ್ಕೆ. ಮಕ್ಕಳೂ ಒಪ್ಪಿಸುವ ಈ ಹಂಚಿಕೆ ವೇದದಷ್ಟೇ ಹಳೆಯದೆಂದು ಅನೇಕರು ತಿಳಿದಿದ್ದಾರೆ. ವೇದದ ಮೂವರು ಬೇರೆ. ಭೂಮಿಯಲ್ಲಿ ಅಗ್ನಿ, ಅಂತರಿಕ್ಷದಲ್ಲಿ ವಾಯು ಇಲ್ಲವೇ ಇಂದ್ರ, ದ್ಯುಲೋಕದಲ್ಲಿ ಸೂರ್ಯ ಎಂದು ವೇದದ ಪದಗಳಿಗೆ ಅರ್ಥ ಬಿಡಿಸಿದ ನಿರುಕ್ತಕಾರ ಯಾಸ್ಕ ಎಣಿಸುತ್ತಾನೆ. ಬ್ರಹ್ಮನಿಗೆ ರಜಸ್ಸು, ವಿಷ್ಣುವಿಗೆ ಸತ್ತ್ವ, ರುದ್ರನಿಗೆ ತಮಸ್ಸು ಎಂದು ಗುಣಗಳನ್ನು ಹಂಚಿದ್ದು ಮೈತ್ರಾಯಣೀಯ ಉಪನಿಷತ್ತು.

ಈ ಕಲ್ಪನೆಗೆ ಕಾವ್ಯದ ಕಳೆ ಕೊಟ್ಟವನು ಕಾಳಿದಾಸ. ಕುಮಾರಸಂಭವದ ಎರಡನೆಯ ಸರ್ಗದಲ್ಲಿ ತಾರಕಾಸುರನ ಕಾಟ ತಾಳಲಾರದ ದೇವತೆಗಳು ‘ನಮಸ್ತ್ರಿಮೂರ್ತಯೇ ತುಭ್ಯಂ’ ಎಂದು ಕೈಮುಗಿಯುವುದು ಬ್ರಹ್ಮನೊಬ್ಬನಿಗೆ. ಏಳನೆಯ ಸರ್ಗದಲ್ಲಿ ಶಿವನ ಮದುವೆಯ ದಿಬ್ಬಣಕ್ಕೆ ಬ್ರಹ್ಮನೂ ವಿಷ್ಣುವೂ ಬಂದಾಗ ಕವಿ ಹೇಳುವುದು ಇನ್ನೂ ಸೊಗಸು: ಒಂದೇ ಮೂರ್ತಿ ಮೂರಾಯಿತು, ಒಮ್ಮೆ ಹರ ಮೊದಲು, ಒಮ್ಮೆ ಹರಿ ಮೊದಲು, ಒಮ್ಮೆ ಬ್ರಹ್ಮ ಮೊದಲು. ಇಷ್ಟು ಸಮಾಧಾನದ ಮಾತನ್ನು ನಾನು ಬೇರೆಲ್ಲೂ ಓದಿಲ್ಲ.

ಪುರಾಣಗಳಿಗೆ ಆ ಸಮಾಧಾನವಿಲ್ಲ. ಜನಾರ್ದನನೊಬ್ಬನೇ ಮೂರು ಹೆಸರು ಹೊರುತ್ತಾನೆ ಎನ್ನುತ್ತದೆ ವಿಷ್ಣುಪುರಾಣ. ಶೈವರ ಲಿಂಗೋದ್ಭವ ಕಥೆಯಲ್ಲಿ ಬೆಂಕಿಯ ಕಂಬದ ತುದಿಮೊದಲು ಹುಡುಕಿ ಉಳಿದಿಬ್ಬರೂ ಸೋಲುತ್ತಾರೆ. ತುದಿ ಕಂಡೆನೆಂದು ಸುಳ್ಳಾಡಿದ ಬ್ರಹ್ಮನಿಗೆ ಪೂಜೆಯೇ ಇಲ್ಲವೆಂಬ ಶಾಪ.

ಕಲ್ಲಿನಲ್ಲಿಯೂ ಇದೇ ಲೆಕ್ಕ. ಏಳನೆಯ ಶತಮಾನದ ಆರಂಭದಲ್ಲಿ ಪಲ್ಲವರ ಮಹೇಂದ್ರವರ್ಮ ತಮಿಳುನಾಡಿನ ಮಂಡಗಪ್ಪಟ್ಟಿನಲ್ಲಿ ಬಂಡೆ ಕೊರೆಸಿ, ಇಟ್ಟಿಗೆ, ಮರ, ಲೋಹ, ಗಾರೆ ಯಾವುದೂ ಇಲ್ಲದೆ ಬ್ರಹ್ಮ, ಈಶ್ವರ, ವಿಷ್ಣುವಿಗೆ ಗುಡಿ ಮಾಡಿಸಿದೆನೆಂದು ಶಾಸನ ಬರೆಸಿದ. ಮೂವರನ್ನೂ ಒಟ್ಟಿಗೆ ಹೆಸರಿಸಿದ ಅಪರೂಪದ ಗುಡಿ ಅದು. ಜಾವಾದ ಪ್ರಂಬನನ್‌ನಲ್ಲಿ ಒಂಬತ್ತನೆಯ ಶತಮಾನದಲ್ಲಿ ಮೂವರಿಗೂ ಬೇರೆಬೇರೆ ಗುಡಿ ಎದ್ದವು, ಆದರೆ ನಡುವಿನದು ಶಿವನದು. 47 ಮೀಟರ್ ಎತ್ತರದ ಅದರ ಮುಂದೆ ಅಕ್ಕಪಕ್ಕದವು ಗಿಡ್ಡ. ನಮ್ಮ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯಗಳಲ್ಲೂ ಗರ್ಭಗುಡಿಯತ್ತ ಹೋಗುವ ಬಾಗಿಲ ಮೇಲೆ ತಲೆಯೆತ್ತಿ ನೋಡಿ: ನಡುವೆ ಕುಣಿಯುವ ಶಿವ, ಎಡಬಲಕ್ಕೆ ಬ್ರಹ್ಮ, ವಿಷ್ಣು. ಮುಂಬೈ ಬಳಿಯ ಎಲಿಫೆಂಟಾ ಗುಹೆಯ ಮೂರು ಮುಖದ ಭವ್ಯ ಶಿಲ್ಪವನ್ನು ತ್ರಿಮೂರ್ತಿ ಎಂದು ಕರೆಯುವುದು ರೂಢಿಯಾಗಿದೆ, ಅದು ಸರಿಯಲ್ಲ. ಆ ಮೂರೂ ಶಿವನದೇ ರೂಪವಾದ ಸದಾಶಿವನ ಮುಖಗಳೇ.

ಕನ್ನಡ ನಾಡಿನ ದೊಡ್ಡ ಧಾರ್ಮಿಕ ಚಳವಳಿಗಳೂ ಈ ಸಮಪಾಲನ್ನು ಒಪ್ಪಲಿಲ್ಲ. ಮಧ್ವಾಚಾರ್ಯರಿಗೆ ಹರಿಯೇ ಸರ್ವೋತ್ತಮ. ಶರಣರು ಇಷ್ಟಲಿಂಗವನ್ನು ಬಿಟ್ಟು ಬೇರೆ ದೇವರಿಗೆ ತಲೆಬಾಗಲಿಲ್ಲ.

ಮೂವರೂ ನಿಜವಾಗಿ ಒಂದಾಗಿ ಪೂಜೆಗೊಂಡದ್ದು ದತ್ತಾತ್ರೇಯನಲ್ಲಿ. ಅವನೂ ಮೊದಲು ವಿಷ್ಣುವಿನ ಅವತಾರವಾಗಿದ್ದವನು, ಹಳೆಯ ಶಿಲ್ಪಗಳಲ್ಲಿ ಒಂದೇ ತಲೆ; ಮೂರು ತಲೆ, ಆರು ಕೈ ಆಮೇಲೆ ಬಂದವು. ಕಲಬುರಗಿ ಜಿಲ್ಲೆಯ ಗಾಣಗಾಪುರದಲ್ಲಿ, ಭೀಮಾ–ಅಮರಜಾ ಸಂಗಮದ ಬಳಿ, ದತ್ತನ ಅವತಾರವೆಂದು ಭಕ್ತರು ನಂಬುವ ಯತಿ ನೃಸಿಂಹ ಸರಸ್ವತಿಯವರ ನೆಲೆಯಲ್ಲಿ, ಇಂದಿಗೂ ಕನ್ನಡಿಗರೂ ಮರಾಠಿಗರೂ ಜೋಳಿಗೆ ಹಿಡಿದು ಮನೆಮನೆಗೆ ಮಧುಕರಿ ಭಿಕ್ಷೆಗೆ ಹೋಗುತ್ತಾರೆ. ಅಲ್ಲಿ ನಡುವೆ ಯಾರ ಮುಖವಿದೆ ಎಂಬ ಜಗಳ ಕೇಳಿಬರುವುದಿಲ್ಲ, ಪೂಜೆ ಸಲ್ಲುವುದು ಪಾದುಕೆಗಳಿಗೆ.